6ನೇ ವಾರದಿಂದ 18ನೇ ತಿಂಗಳವರೆಗೆ: ಆಫ್ರಿಕಾದ ಕ್ಲಿನಿಕ್ಕಿನಲ್ಲಿ ಎಚ್‌ಐವಿ ಪಾಸಿಟಿವ್ ತಾಯಿಯ ಕೂಸು ಕೈತಪ್ಪದಂತೆ ನೋಡಿಕೊಳ್ಳುವುದು ಹೇಗೆ?

ಮಲಾವಿ, ಜಾಂಬಿಯಾ ಕಡೆಯ ಹಳ್ಳಿ ಆರೋಗ್ಯ ಕೇಂದ್ರಕ್ಕೆ ಮಕ್ಕಳ ತೂಕ ನೋಡುವ ದಿನ ಹೋದರೆ ನಮ್ಮವರಿಗೆ ಹೊಸದು ಅನ್ನಿಸುವುದು ಕಡಿಮೆಯೇ. ಮರದ ಕೊಂಬೆಗೋ ಜಂತಿಗೋ ನೇತುಹಾಕಿದ ಗಡಿಯಾರದಂಥ ತಕ್ಕಡಿ. ಅದರಲ್ಲಿ ಚಡ್ಡಿಯಂಥ ಚೀಲದೊಳಗೆ ಕಾಲು ಬಡಿಯುತ್ತಾ ಅಳುವ ಕೂಸು. ಬೆಂಚಿನ ಮೇಲೆ ಸಾಲಾಗಿ ಕೂತ ತಾಯಂದಿರು. ನಮ್ಮ ಅಂಗನವಾಡಿಯದೇ ಚಿತ್ರ. ಕೂಸನ್ನು ಬೆನ್ನಿಗೆ ಕಟ್ಟಿಕೊಳ್ಳುವ ಬಣ್ಣಬಣ್ಣದ ಚಿತೆಂಜೆ ಬಟ್ಟೆಯೊಂದು ಬೇರೆ, ಅಷ್ಟೇ.

ಆ ಸಾಲಿನಲ್ಲಿ ಕೂತ ಕೆಲವು ತಾಯಂದಿರಿಗೆ ಎಚ್‌ಐವಿ ಇರುತ್ತದೆ. ಅವರ ಕೂಸಿಗೆ ಸೋಂಕು ತಗುಲಿದೆಯೋ ಇಲ್ಲವೋ ಮುಖ ನೋಡಿ ಹೇಳಲು ಆಗುವುದಿಲ್ಲ. ಏನೂ ಮಾಡದೆ ಬಿಟ್ಟರೆ ಇಂಥ 100 ಮಕ್ಕಳಲ್ಲಿ 15ರಿಂದ 45 ಮಕ್ಕಳಿಗೆ ಹೊಟ್ಟೆಯಲ್ಲಿದ್ದಾಗಲೋ, ಹೆರಿಗೆಯಲ್ಲೋ, ಎದೆಹಾಲಿನಿಂದಲೋ ವೈರಸ್ ದಾಟುತ್ತದೆ. ತಾಯಿ ದಿನಾ ಮಾತ್ರೆ ತಗೊಂಡು, ಮಗುವಿಗೂ ಸಿರಪ್ ಬಿದ್ದರೆ ಅದೇ ಸಂಖ್ಯೆ 5ಕ್ಕಿಂತ ಕೆಳಗೆ ಇಳಿಯುತ್ತದೆ. ಇನ್ನು ಸೋಂಕು ತಗುಲಿದ ಮಗುವಿಗೆ ಚಿಕಿತ್ಸೆ ಸಿಗದೇ ಹೋದರೆ? ಮೂರರಲ್ಲಿ ಒಂದು ಮಗು ಮೊದಲ ವರ್ಷ ದಾಟುವುದಿಲ್ಲ. ಅರ್ಧದಷ್ಟು ಮಕ್ಕಳು ಎರಡನೇ ಹುಟ್ಟುಹಬ್ಬ ನೋಡುವುದಿಲ್ಲ.

ಇದಕ್ಕೆ ಉತ್ತರವೂ ಬಹಳ ಹಿಂದೆಯೇ ಸಿಕ್ಕಿದೆ. ದಕ್ಷಿಣ ಆಫ್ರಿಕಾದ ಸೊವೆಟೊ ಮತ್ತು ಕೇಪ್‌ಟೌನ್‌ನಲ್ಲಿ ನಡೆದ 'ಚೆರ್' ಅಧ್ಯಯನದ ಫಲಿತಾಂಶ 2008ರಲ್ಲಿ ಬಂತು. ಸೋಂಕಿರುವ ಮಗುವಿಗೆ ಕಾಯಿಲೆ ಕಾಣಿಸಿಕೊಳ್ಳುವವರೆಗೆ ಕಾಯದೆ, ಮೊದಲ ಮೂರು ತಿಂಗಳೊಳಗೇ ಚಿಕಿತ್ಸೆ ಶುರು ಮಾಡಿದರೆ ಸಾವು ಶೇ. 76ರಷ್ಟು ಕಡಿಮೆಯಾಗುತ್ತದೆ ಎಂದು ಅದು ತೋರಿಸಿತು. ಔಷಧಿ ಇದೆ, ಪರೀಕ್ಷೆ ಇದೆ, ಬಹುತೇಕ ಕಡೆ ಎರಡೂ ಉಚಿತ. ಆದರೂ 2023ರಲ್ಲಿ ಜಗತ್ತಿನಲ್ಲಿ ಸುಮಾರು 1,20,000 ಮಕ್ಕಳಿಗೆ ಹೊಸದಾಗಿ ಸೋಂಕು ತಗುಲಿತು. ಚಿಕಿತ್ಸೆ ಬೇಕಾದ ಮಕ್ಕಳಲ್ಲಿ ಅದು ಸಿಗುತ್ತಿದ್ದದ್ದು 100ಕ್ಕೆ 57 ಮಕ್ಕಳಿಗೆ ಮಾತ್ರ. ದೊಡ್ಡವರಲ್ಲಿ ಅದು 77.

ಹಾಗಾದರೆ ಸೋರುವುದು ಎಲ್ಲಿ? ನನ್ನ ಪ್ರಕಾರ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋಗುವ ದಾರಿಯಲ್ಲಿ. ಹೆರಿಗೆ ಕೋಣೆಯಿಂದ ಲಸಿಕೆ ಕೋಣೆಗೆ, ಅಲ್ಲಿಂದ ಲ್ಯಾಬಿಗೆ, ಲ್ಯಾಬಿನಿಂದ ಮತ್ತೆ ತಾಯಿಯ ಕೈಗೆ. ಪ್ರತಿ ತಿರುವಿನಲ್ಲೂ ನಾಲ್ಕು ಮಕ್ಕಳು ಕಾಣೆಯಾಗುತ್ತಾರೆ. ಈ ಬರಹ ಆ ತಿರುವುಗಳ ಬಗ್ಗೆ. ಮಿಷನ್ ಆಸ್ಪತ್ರೆಗೋ ಸ್ವಯಂಸೇವಾ ಸಂಸ್ಥೆಗೋ ಅಂತ ಕರ್ನಾಟಕದಿಂದ ಆ ಕಡೆ ಹೊರಟಿರುವ ನರ್ಸು, ಡಾಕ್ಟರು, ಲ್ಯಾಬಿನವರಿಗೆ, ಇಲ್ಲೇ ಕೂತು ಅಲ್ಲಿಗೆ ಸಾಫ್ಟ್‌ವೇರ್ ಬರೆಯುವವರಿಗೆ ಇದು ಉಪಯೋಗಕ್ಕೆ ಬರಬಹುದು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಡೋಸ್ ಮತ್ತು ಪರೀಕ್ಷೆಯ ದಿನಾಂಕದ ವಿಷಯದಲ್ಲಿ ಆಯಾ ದೇಶದ ಮಾರ್ಗಸೂಚಿ ಪುಸ್ತಕವೇ ಕೊನೆಯ ಮಾತು. ಅಲ್ಲಿಗೆ ಕಾಲಿಟ್ಟ ದಿನವೇ ಅದರ ಹೊಸ ಪ್ರತಿ ಕೇಳಿ ತಗೊಳ್ಳಿ.

ಹೆಜ್ಜೆ 1: ಹಳೇ ರಿಜಿಸ್ಟರ್ ತೆಗೆದು ಎಣಿಸಿ

ಹೊಸ ಯೋಜನೆ, ಹೊಸ ಪೋಸ್ಟರ್ ಎಲ್ಲ ಆಮೇಲೆ. ಮೊದಲು ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಪೆನ್ಸಿಲ್ ಹಿಡಿದು ಕೂತುಕೊಳ್ಳಿ. ಎರಡು ವರ್ಷ ಹಿಂದಿನ ಯಾವುದಾದರೂ ಒಂದು ತಿಂಗಳು ಆರಿಸಿ. ಆ ತಿಂಗಳು ಹೆರಿಗೆಯಾದ ಪಾಸಿಟಿವ್ ತಾಯಂದಿರು ಎಷ್ಟು? ಅವರ ಮಕ್ಕಳಲ್ಲಿ ಎಷ್ಟು ಮಕ್ಕಳಿಗೆ ಎರಡು ತಿಂಗಳೊಳಗೆ ರಕ್ತ ಪರೀಕ್ಷೆ ಆಯಿತು? ಎಷ್ಟು ಫಲಿತಾಂಶ ವಾಪಸ್ ಬಂತು? ಬಂದದ್ದರಲ್ಲಿ ಎಷ್ಟು ತಾಯಿಗೆ ಮುಟ್ಟಿತು? ಪಾಸಿಟಿವ್ ಬಂದ ಮಕ್ಕಳಲ್ಲಿ ಎಷ್ಟು ಜನಕ್ಕೆ ಔಷಧಿ ಶುರುವಾಯಿತು? 18 ತಿಂಗಳಿಗೆ 'ಇದೆ' ಅಥವಾ 'ಇಲ್ಲ' ಎಂಬ ಕೊನೆಯ ಉತ್ತರ ಎಷ್ಟು ಮಕ್ಕಳ ಹೆಸರಿನ ಮುಂದೆ ಇದೆ?

ಕೀನ್ಯಾದಲ್ಲಿ ಈ ಲೆಕ್ಕಕ್ಕೆ ಅಂತಲೇ ಪ್ರತ್ಯೇಕ ರಿಜಿಸ್ಟರ್ ಇದೆ. ಒಂದೇ ತಿಂಗಳು ಹುಟ್ಟಿದ ಮಕ್ಕಳನ್ನು ಒಂದು ಗುಂಪು ಅಂತ ಹಿಡಿದು ಕೊನೆಯವರೆಗೂ ಹಿಂಬಾಲಿಸುತ್ತಾರೆ. ನೀವು ಹೋದ ಕಡೆ ಅದಿಲ್ಲದಿದ್ದರೂ ಒಂದು ನೋಟ್‌ಬುಕ್ ಸಾಕು. ಈ ಐದಾರು ಸಂಖ್ಯೆ ಕೆಳಗೆ ಕೆಳಗೆ ಬರೆದರೆ ಯಾವ ಮೆಟ್ಟಿಲಲ್ಲಿ ಜಾಸ್ತಿ ಮಕ್ಕಳು ಬಿದ್ದುಹೋದರು ಎನ್ನುವುದು ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಒಂದು ಕ್ಲಿನಿಕ್ಕಿಗೆ ರಕ್ತ ತೆಗೆಯುವುದೇ ಸಮಸ್ಯೆ. ಇನ್ನೊಂದಕ್ಕೆ ಫಲಿತಾಂಶ ಬಂದು ಡ್ರಾಯರ್‌ನಲ್ಲಿ ಮಲಗಿರುತ್ತದೆ. ಎರಡಕ್ಕೂ ಮದ್ದು ಬೇರೆ ಬೇರೆ, ಅಲ್ವಾ?

ಈ ಲೆಕ್ಕ ಮಾಡುವಾಗ ಅಲ್ಲಿನ ನರ್ಸ್ ಪಕ್ಕದಲ್ಲಿ ಕೂತಿರಲಿ. ಹೊರಗಿನಿಂದ ಬಂದವರು ತಪ್ಪು ಹುಡುಕುತ್ತಿದ್ದಾರೆ ಅನ್ನಿಸಿದರೆ ಕೆಲಸ ಅಲ್ಲಿಗೇ ನಿಂತುಹೋಗುತ್ತದೆ.

ಹೆಜ್ಜೆ 2: ತಾಯಿ, ಮಗು ಒಂದೇ ಸಾಲಿನಲ್ಲಿ, ಒಂದೇ ದಿನ

ಬಹಳ ಕಡೆ ತಾಯಿಯ ಫೈಲು ಎಆರ್‌ಟಿ (ಎಚ್‌ಐವಿ ಔಷಧಿ ಕೊಡುವ) ಕೋಣೆಯಲ್ಲಿ, ಮಗುವಿನ ಕಾರ್ಡು ಲಸಿಕೆ ಕೋಣೆಯಲ್ಲಿ. ತಾಯಿ ಮಂಗಳವಾರ ಮಾತ್ರೆಗೆ ಬರಬೇಕು, ಗುರುವಾರ ಮಗುವಿನ ಚುಚ್ಚುಮದ್ದಿಗೆ ಬರಬೇಕು. ಎರಡು ಸಲ ಮಿನಿಬಸ್ ದುಡ್ಡು, ಎರಡು ದಿನದ ಹೊಲದ ಕೆಲಸ ಹಾಳು. ಮೂರನೇ ತಿಂಗಳಿಗೆ ಅವಳು ಒಂದನ್ನು ಬಿಡುತ್ತಾಳೆ. ಯಾವುದನ್ನು ಬಿಡುತ್ತಾಳೆ ಎಂದು ಅವಳನ್ನು ಬೈಯುವುದಕ್ಕಿಂತ ಎರಡನ್ನೂ ಒಂದೇ ದಿನ ಮಾಡುವುದು ಸುಲಭ.

ಎಲ್ಲಕ್ಕಿಂತ ಮೊದಲು ಬದಲಾಯಿಸಬೇಕಾದದ್ದು ಇದೇ. ಉಳಿದ ಹೆಜ್ಜೆಗಳಿಗೆ ಔಷಧಿ, ಯಂತ್ರ, ದುಡ್ಡು ಬೇಕು. ಇದಕ್ಕೆ ಬೇಕಾದದ್ದು ಒಂದು ಸ್ಟೇಪ್ಲರ್ ಮತ್ತು ಇಬ್ಬರು ನರ್ಸ್‌ಗಳ ನಡುವೆ ಒಪ್ಪಂದ. ಮಗು ಹುಟ್ಟಿದ ದಿನವೇ ತಾಯಿಯ ಕಾರ್ಡಿಗೆ ಮಗುವಿನ ಕಾರ್ಡ್ ಪಿನ್ ಮಾಡಿ. ಮಗುವಿನ ಕಾರ್ಡಿನ ಮೇಲೆ ತಾಯಿಯ ಎಆರ್‌ಟಿ ನಂಬರ್ ಬರಲಿ, ತಾಯಿಯ ಫೈಲಿನಲ್ಲಿ ಮಗುವಿನ ನಂಬರ್ ಬರಲಿ. ಮುಂದಿನ ತಾರೀಖು ಇಬ್ಬರಿಗೂ ಒಂದೇ.

ತಾರೀಖು ಯಾವುದು ಎಂದು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಲಸಿಕೆಯ ಪಟ್ಟಿ ಆಗಲೇ ಇದೆ: 6, 10, 14ನೇ ವಾರ, ಆಮೇಲೆ 9ನೇ ತಿಂಗಳ ದಡಾರದ ಚುಚ್ಚುಮದ್ದು. ಎಚ್‌ಐವಿ ಇಲ್ಲದ ತಾಯಂದಿರೂ ಇದೇ ದಿನಗಳಿಗೆ ಬರುತ್ತಾರೆ. ಹಾಗಾಗಿ ಪಾಸಿಟಿವ್ ತಾಯಿ ಯಾರ ಕಣ್ಣಿಗೂ ಬೀಳುವುದಿಲ್ಲ. ಇದು ಸಣ್ಣ ಲಾಭ ಅಲ್ಲ. ಕೆಲವು ಕಡೆ ಪಾಸಿಟಿವ್ ತಾಯಂದಿರಿಗೆ ಬೇರೆ ಬಣ್ಣದ ಕಾರ್ಡು, ಬೇರೆ ಬೆಂಚು ಇರುತ್ತದೆ. ಕಚೇರಿಗೆ ಅನುಕೂಲ ಇರಬಹುದು. ಆದರೆ ಊರಿನವರೆಲ್ಲ ಕೂತಿರುವ ಜಾಗದಲ್ಲಿ ಆ ಬೆಂಚಿನ ಮೇಲೆ ಒಮ್ಮೆ ಕೂತ ತಾಯಿ ಇನ್ನೊಮ್ಮೆ ಬರುತ್ತಾಳಾ? ಬಣ್ಣ ಬೇಡ. ಕಾರ್ಡಿನ ಒಳಪುಟದಲ್ಲಿ ಸಿಬ್ಬಂದಿಗೆ ಮಾತ್ರ ಅರ್ಥವಾಗುವ ಒಂದು ಗುರುತು ಸಾಕು.

ಹೆಜ್ಜೆ 3: ಸಿರಪ್ ಇಲ್ಲದೆ ಹೆರಿಗೆ ಕೋಣೆ ಬಿಡಬಾರದು

2011ರಲ್ಲಿ ಮಲಾವಿ ಒಂದು ಧೈರ್ಯದ ಕೆಲಸ ಮಾಡಿತು. ಬಸುರಿಗೆ ಎಚ್‌ಐವಿ ಇದೆ ಎಂದು ಗೊತ್ತಾದ ಕೂಡಲೇ, ರೋಗನಿರೋಧಕ ಶಕ್ತಿ ಎಷ್ಟಿದೆ ಎಂದು ತೋರಿಸುವ ರಕ್ತದ ಸಿಡಿ4 ಲೆಕ್ಕ ನೋಡದೆ, ಜೀವಮಾನಪೂರ್ತಿ ಮಾತ್ರೆ ಶುರು ಮಾಡುವುದು. ಲ್ಯಾಬ್ ಕಡಿಮೆ ಇದ್ದ ದೇಶಕ್ಕೆ ಅದೇ ಸರಿಯಾದ ದಾರಿಯಾಗಿತ್ತು. ಆಮೇಲೆ ಉಳಿದ ದೇಶಗಳೂ ಅದನ್ನೇ ಹಿಡಿದವು. ತಾಯಿಯ ಮಾತ್ರೆಯೇ ಮಗುವಿಗೆ ಮೊದಲ ರಕ್ಷಣೆ. ಎರಡನೆಯದು ಮಗುವಿಗೆ ಕೊಡುವ ನೆವಿರಾಪಿನ್ ಸಿರಪ್.

ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಂತೆ 2.5 ಕೆಜಿ ಅಥವಾ ಅದಕ್ಕಿಂತ ಹೆಚ್ಚು ತೂಕದ ಕೂಸಿಗೆ ಮೊದಲ 6 ವಾರ ದಿನಕ್ಕೊಂದು ಸಲ 1.5 ಎಂಎಲ್. 2ರಿಂದ 2.5 ಕೆಜಿ ಒಳಗಿದ್ದರೆ 1 ಎಂಎಲ್. ಇಲ್ಲಿ ಆಗುವ ತಪ್ಪು ಅಳತೆಯದು. ಒಂದೂವರೆಯ ಗೆರೆ ಯಾವುದು ಎಂದು ರಾತ್ರಿ ಮನೆಯ ಮಂದ ಬೆಳಕಿನಲ್ಲಿ ತಾಯಿಗೆ ಕಾಣುವುದಿಲ್ಲ. ಅದಕ್ಕೇ ಸಿರಿಂಜ್ ಮೇಲೆ ಸರಿಯಾದ ಗೆರೆಗೆ ಬಣ್ಣದ ಟೇಪ್ ಸುತ್ತಿ ಕೊಡಿ. ಮೊದಲ ಡೋಸನ್ನು ಅವಳ ಕೈಯಲ್ಲೇ, ನಿಮ್ಮ ಎದುರಿಗೇ ಹಾಕಿಸಿ. ನೀವು ಮಾಡಿ ತೋರಿಸಿದರೆ ಸಾಲದು.

ಕೆಲವು ಮಕ್ಕಳಿಗೆ ಅಪಾಯ ಜಾಸ್ತಿ. ತಾಯಿ ಮಾತ್ರೆ ಶುರು ಮಾಡಿ ಹೆರಿಗೆಯ ಹೊತ್ತಿಗೆ ನಾಲ್ಕು ವಾರವೂ ಆಗಿಲ್ಲ, ಅಥವಾ ಹೆರಿಗೆ ಹತ್ತಿರದಲ್ಲಿ ವೈರಲ್ ಲೋಡ್, ಅಂದರೆ ರಕ್ತದಲ್ಲಿನ ವೈರಸ್ ಲೆಕ್ಕ, 1000ಕ್ಕಿಂತ ಮೇಲಿದೆ, ಅಥವಾ ಬಸುರಿಯಲ್ಲೋ ಬಾಣಂತನದಲ್ಲೋ ಅವಳಿಗೆ ಸೋಂಕು ಹೊಸದಾಗಿ ತಗುಲಿದೆ. ಇಂಥ ಕೂಸಿಗೆ ಒಂದೇ ಔಷಧಿ ಸಾಲದು, 6 ವಾರವೂ ಸಾಲದು. ಒಂದಕ್ಕಿಂತ ಹೆಚ್ಚು ಔಷಧಿ, ಜಾಸ್ತಿ ದಿನ. ಈ ಮೂರು ಪ್ರಶ್ನೆ ಹೆರಿಗೆ ಕೋಣೆಯ ಗೋಡೆಗೆ ಅಂಟಿಸಿ. ನೋವು ತಿನ್ನುತ್ತಿರುವ ಹೆಂಗಸಿನ ಫೈಲು ತಿರುವಿ ನೋಡಲು ಸೂಲಗಿತ್ತಿಗೆ ಪುರುಸೊತ್ತು ಇರುವುದಿಲ್ಲ. ಹಾಗಾಗಿ ಎಂಟನೇ ತಿಂಗಳ ತಪಾಸಣೆಯಲ್ಲೇ ಉತ್ತರ ಬರೆದಿಟ್ಟಿರಬೇಕು.

ಮನೆಯಲ್ಲೇ ಹೆರಿಗೆಯಾಗುವ ಊರುಗಳಲ್ಲಿ ಸಿರಪ್ ಬಾಟಲಿಯನ್ನು ಕೊನೆಯ ತಪಾಸಣೆಯಲ್ಲೇ ಕೊಟ್ಟು ಕಳಿಸಿ. ಲೆಸೊಥೊದಂಥ ಬೆಟ್ಟದ ದೇಶದಲ್ಲಿ ಕ್ಲಿನಿಕ್ಕಿಗೆ ಕುದುರೆ ಮೇಲೆ ಬರುವವರಿದ್ದಾರೆ. ಹೆರಿಗೆ ಆದ ಮೇಲೆ ಬನ್ನಿ ಎಂದರೆ ಬರುವುದು ಯಾವಾಗಲೋ.

ಹೆಜ್ಜೆ 4: ಹಿಮ್ಮಡಿಯ ನಾಲ್ಕು ಹನಿ ರಕ್ತ

ದೊಡ್ಡವರಿಗೆ ಮಾಡುವ ಕಡ್ಡಿ ಪರೀಕ್ಷೆ, ಬೆರಳು ಚುಚ್ಚಿ ಹದಿನೈದು ನಿಮಿಷದಲ್ಲಿ ಉತ್ತರ ಬರುವಂಥದ್ದು, ಹಸುಗೂಸಿಗೆ ಆಗುವುದಿಲ್ಲ. ಅದು ನೋಡುವುದು ವೈರಸ್ಸನ್ನಲ್ಲ, ವೈರಸ್ ವಿರುದ್ಧ ದೇಹ ಮಾಡಿಕೊಂಡ ಪ್ರತಿಕಾಯಗಳನ್ನು. ತಾಯಿಯ ಪ್ರತಿಕಾಯಗಳು ಮಾಸು ದಾಟಿ ಮಗುವಿನ ರಕ್ತಕ್ಕೆ ಬಂದಿರುತ್ತವೆ. 18 ತಿಂಗಳವರೆಗೂ ಉಳಿಯಬಹುದು. ಅದಕ್ಕೇ ಮಗುವಿಗೆ ಸೋಂಕಿಲ್ಲದಿದ್ದರೂ ಕಡ್ಡಿಯಲ್ಲಿ ಎರಡು ಗೆರೆ ಮೂಡುತ್ತದೆ. ಮಗುವಿಗೆ ಬೇಕಾದದ್ದು ವೈರಸ್ಸನ್ನೇ ಹುಡುಕುವ ಪಿಸಿಆರ್ ಪರೀಕ್ಷೆ. ಕೋವಿಡ್ ಆದ ಮೇಲೆ ಈ ಹೆಸರು ಯಾರಿಗೂ ಹೊಸದಲ್ಲ.

ಮೊದಲ ಪರೀಕ್ಷೆ 4ರಿಂದ 6 ವಾರದೊಳಗೆ. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದಾಗಲೇ ಒಂದು ಮಾಡಿ, 10ನೇ ವಾರಕ್ಕೆ ಇನ್ನೊಂದು ಮಾಡುತ್ತಾರೆ. ಕ್ಲಿನಿಕ್ಕಿನಲ್ಲಿ ಯಂತ್ರ ಇಲ್ಲದ ಕಡೆ ರಕ್ತವನ್ನು ಫಿಲ್ಟರ್ ಕಾಗದದ ಮೇಲೆ ಒಣಗಿಸಿ ಲ್ಯಾಬಿಗೆ ಕಳಿಸುತ್ತಾರೆ. ಇದಕ್ಕೆ ಡಿಬಿಎಸ್ (ಒಣಗಿದ ರಕ್ತದ ಚುಕ್ಕೆ) ಎನ್ನುವುದು ರೂಢಿ. ನಮ್ಮಲ್ಲಿ ಐಸಿಟಿಸಿಯಲ್ಲಿ (ಎಚ್‌ಐವಿ ಸಲಹೆ, ಪರೀಕ್ಷೆಯ ಕೇಂದ್ರ) ಕೆಲಸ ಮಾಡಿದವರಿಗೆ ಇದೇ ಕಾರ್ಡು ಗೊತ್ತಿರುತ್ತದೆ.

ಲ್ಯಾಬಿನವರು ವಾಪಸ್ ಕಳಿಸುವ ಮಾದರಿಗಳ ಹಿಂದೆ ಹೆಚ್ಚಾಗಿ ಸಣ್ಣಸಣ್ಣ ಅಜಾಗರೂಕತೆಯೇ ಇರುತ್ತದೆ. ಒಂದು ಕಾರ್ಡು ತಿರಸ್ಕಾರವಾದರೆ ಆ ತಾಯಿಯನ್ನು ಮತ್ತೆ ಕರೆಸಬೇಕು. ಅವಳು ಬರದೇ ಹೋಗಬಹುದು. ಹಾಗಾಗಿ ಇಲ್ಲಿ ಹತ್ತು ನಿಮಿಷ ಜಾಸ್ತಿ ಹೋದರೂ ಪರವಾಗಿಲ್ಲ.

ಕೂಸನ್ನು ತಾಯಿ ಎದೆಗೆ ಒರಗಿಸಿಕೊಂಡು ನೆಟ್ಟಗೆ ಹಿಡಿದುಕೊಳ್ಳಲಿ, ಕಾಲು ಕೆಳಗೆ ಇಳಿಬಿದ್ದಿರಲಿ. ಹಿಮ್ಮಡಿಯನ್ನು ಬೆಚ್ಚಗಿನ ಬಟ್ಟೆಯಲ್ಲೋ ನಿಮ್ಮ ಅಂಗೈಯಲ್ಲೋ ಎರಡು ನಿಮಿಷ ಬೆಚ್ಚಗೆ ಮಾಡಿ. ತಣ್ಣಗಿನ ಕಾಲಿನಿಂದ ರಕ್ತ ಬರುವುದಿಲ್ಲ. ಆಗ ಹಿಂಡಬೇಕಾಗುತ್ತದೆ, ಹಿಂಡಿದರೆ ಮಾದರಿ ಕೆಡುತ್ತದೆ. ಸ್ಪಿರಿಟ್ ಹಚ್ಚಿ ಪೂರ್ತಿ ಆರಲು ಬಿಡಿ. ಹಿಮ್ಮಡಿಯ ನಡುಭಾಗ ಬೇಡ, ಪಕ್ಕದ ಅಂಚಿಗೆ ಚುಚ್ಚಿ. ಮಗು ದೊಡ್ಡದಾಗಿದ್ದರೆ ಕಾಲಿನ ಹೆಬ್ಬೆರಳು, ಇನ್ನೂ ದೊಡ್ಡದಾದರೆ ಕೈಬೆರಳು. ಮೊದಲ ಹನಿ ಒರೆಸಿಬಿಡಿ. ಎರಡನೇ ಹನಿ ದಪ್ಪಗೆ ತೂಗುವವರೆಗೆ ಕಾಯಿರಿ. ಅದು ಕಾಗದದ ಮೇಲಿನ ವೃತ್ತಕ್ಕೆ ತಾನಾಗಿ ಇಳಿದು ವೃತ್ತ ಪೂರ್ತಿ ತುಂಬಬೇಕು. ತುಂಬಿದ ವೃತ್ತದ ಮೇಲೆ ಮತ್ತೊಂದು ಹನಿ ಹಾಕಬಾರದು. ಬೆರಳಿನಿಂದ ವೃತ್ತ ಮುಟ್ಟಬಾರದು. ಐದು ವೃತ್ತಗಳಲ್ಲಿ ಮೂರಾದರೂ ಚೆನ್ನಾಗಿ ತುಂಬಿರಲಿ.

ಈಗ ಒಣಗಿಸುವುದು. ಹಪ್ಪಳ ಒಣಗಿಸಿದ ಹಾಗೆ ಬಿಸಿಲಿಗೆ ಇಡುವ ಆಸೆ ನಮ್ಮವರಿಗೂ ಬರುತ್ತದೆ, ಅಲ್ಲಿಯವರಿಗೂ ಬರುತ್ತದೆ. ಬೇಡ. ನೆರಳಿನಲ್ಲಿ, ಧೂಳು, ನೊಣ, ಇರುವೆ ಬರದ ಕಡೆ, ಮಲಗಿಸಿದ ಹಾಗೆ, ಒಂದಕ್ಕೊಂದು ತಾಗದಂತೆ ಕನಿಷ್ಠ ನಾಲ್ಕು ಗಂಟೆ. ರಾತ್ರಿಯಿಡೀ ಬಿಟ್ಟರೆ ಇನ್ನೂ ಒಳ್ಳೆಯದು. ಮಳೆಗಾಲದಲ್ಲಂತೂ ರಾತ್ರಿಯಿಡೀ ಬೇಕೇ ಬೇಕು. ಒಣಗಿದ ರಕ್ತ ಕಡುಗಂದು ಬಣ್ಣಕ್ಕೆ ತಿರುಗಿರುತ್ತದೆ. ಆಮೇಲೆ ಕಾರ್ಡುಗಳ ನಡುವೆ ನುಣುಪು ಕಾಗದ ಇಟ್ಟು ಜಿಪ್ ಕವರಿಗೆ ಹಾಕಿ. ಜೊತೆಗೆ ತೇವ ಹೀರುವ ಪೊಟ್ಟಣ, ಹೊಸ ಚಪ್ಪಲಿ ಡಬ್ಬದಲ್ಲಿ ಇರುತ್ತದಲ್ಲ, ಆ ಥರದ್ದು. ತೇವ ತೋರಿಸುವ ಚುಕ್ಕೆ ಕಾರ್ಡು ನೀಲಿಯಿಂದ ಗುಲಾಬಿಗೆ ತಿರುಗಿದರೆ ಪೊಟ್ಟಣ ಬದಲಾಯಿಸಿ.

ಹೆಸರು, ನಂಬರ್, ಹುಟ್ಟಿದ ದಿನ, ರಕ್ತ ತೆಗೆದ ದಿನ, ಎದೆಹಾಲು ಕುಡಿಯುತ್ತಿದೆಯೇ, ತಾಯಿಗೆ ಮಾತ್ರೆ ಇದೆಯೇ. ಇಷ್ಟನ್ನೂ ಚುಚ್ಚುವ ಮೊದಲೇ ಬರೆದುಕೊಳ್ಳಿ. ಆಮೇಲೆ ಬರೆಯೋಣ ಅಂದುಕೊಂಡರೆ ಎರಡು ಮಕ್ಕಳ ಕಾರ್ಡು ಅದಲುಬದಲಾಗುತ್ತದೆ. ಈ ತಪ್ಪಿಗೆ ತಿದ್ದುಪಡಿ ಇಲ್ಲ.

ಇದೇ 6ನೇ ವಾರದ ಭೇಟಿಯಲ್ಲಿ ಇನ್ನೊಂದು ಔಷಧಿ ಶುರುವಾಗಬೇಕು: ಕೋಟ್ರೈಮೋಕ್ಸಜೋಲ್. ಸೋಂಕಿರುವ ಹಸುಗೂಸುಗಳನ್ನು ಮೂರರಿಂದ ಆರು ತಿಂಗಳ ನಡುವೆ ಒಂದು ಬಗೆಯ ನ್ಯುಮೋನಿಯಾ ಹಿಡಿದುಕೊಳ್ಳುತ್ತದೆ, ಬಿಡುವುದು ಕಷ್ಟ. ಈ ಅಗ್ಗದ ಸಿರಪ್ ಅದನ್ನು ತಡೆಯುತ್ತದೆ. ಆರು ತಿಂಗಳವರೆಗೆ ದಿನಕ್ಕೆ 2.5 ಎಂಎಲ್, ಆಮೇಲೆ 5 ಎಂಎಲ್. ಎದೆಹಾಲು ಬಿಟ್ಟು, ಸೋಂಕಿಲ್ಲ ಎಂದು ಖಚಿತವಾಗುವವರೆಗೂ.

ಹೆಜ್ಜೆ 5: ಉತ್ತರ ತಾಯಿಗೆ ಮುಟ್ಟಲಿ

ಹಳೇ ಕಾಲದಲ್ಲಿ ಕಾರ್ಡು ಮೋಟರ್‌ಬೈಕಿನಲ್ಲಿ ಜಿಲ್ಲೆಗೆ, ಅಲ್ಲಿಂದ ರಾಜಧಾನಿಗೆ, ಉತ್ತರ ಅದೇ ದಾರಿಯಲ್ಲಿ ವಾಪಸ್. ಒಂದೂವರೆ ತಿಂಗಳು ಆರಾಮಾಗಿ ಹೋಗುತ್ತಿತ್ತು. ಸೋಂಕಿರುವ ಕೂಸಿಗೆ ಅಷ್ಟು ಸಮಯ ಇರುವುದಿಲ್ಲ.

ಜಾಂಬಿಯಾದಲ್ಲಿ 2010ರ ಹೊತ್ತಿಗೆ ಯುನಿಸೆಫ್ ಜೊತೆಗೂಡಿ ಒಂದು ಸರಳ ಉಪಾಯ ಮಾಡಿದರು. ಲ್ಯಾಬಿನಲ್ಲಿ ಉತ್ತರ ಬಂದ ಕೂಡಲೇ ಕ್ಲಿನಿಕ್ಕಿನ ಮೊಬೈಲಿಗೆ ಎಸ್‌ಎಂಎಸ್. ಸ್ಮಾರ್ಟ್‌ಫೋನ್ ಬೇಡ, ಇಂಟರ್‌ನೆಟ್ ಬೇಡ. ಯೋಜನೆಯ ಹೆಸರು 'ಮ್ವಾನಾ'. ಅಲ್ಲಿನ ಹಲವು ಭಾಷೆಗಳಲ್ಲಿ ಮಗು ಎಂದರ್ಥ. ದಕ್ಷಿಣ ಪ್ರಾಂತ್ಯದಲ್ಲಿ ಉತ್ತರ ಬರುವ ಸರಾಸರಿ ಅವಧಿ 44 ದಿನದಿಂದ 27 ದಿನಕ್ಕೆ ಇಳಿಯಿತು. ಸಾಫ್ಟ್‌ವೇರ್ ಮಾಡುವವರು ಇದನ್ನು ಒಮ್ಮೆ ಯೋಚಿಸಿ. ಡ್ಯಾಶ್‌ಬೋರ್ಡು, ಗ್ರಾಫು ಎಲ್ಲ ರಾಜಧಾನಿಯಲ್ಲಿ ಕೂತವರಿಗೆ ಚೆನ್ನ. ನರ್ಸ್‌ಗೆ ಬೇಕಿದ್ದದ್ದು ಒಂದು ಸಾಲಿನ ಮೆಸೇಜು.

ಈಗ ಇನ್ನೂ ಒಳ್ಳೆಯ ದಾರಿ ಇದೆ. ಕ್ಲಿನಿಕ್ಕಿನ ಮೇಜಿನ ಮೇಲೇ ಇಡುವ ಯಂತ್ರಗಳು: ಎಂ-ಪೀಮಾ ಒಂದು ಗಂಟೆಯೊಳಗೆ, ಜೀನ್‌ಎಕ್ಸ್‌ಪರ್ಟ್ ಸುಮಾರು ಒಂದೂವರೆ ಗಂಟೆಯಲ್ಲಿ ಉತ್ತರ ಕೊಡುತ್ತದೆ. ಮೊಜಾಂಬಿಕ್‌ನಲ್ಲಿ ಇದನ್ನು ಪರೀಕ್ಷೆ ಮಾಡಿ 2018ರಲ್ಲಿ ಪ್ರಕಟಿಸಿದ ಲೆಕ್ಕ ಕೇಳಿದರೆ ಬೆಚ್ಚಿಬೀಳುತ್ತೀರಿ. ಯಂತ್ರ ಇದ್ದ ಕ್ಲಿನಿಕ್ಕುಗಳಲ್ಲಿ ಸೋಂಕಿರುವ 100 ಮಕ್ಕಳಲ್ಲಿ ಸುಮಾರು 90 ಮಕ್ಕಳಿಗೆ ರಕ್ತ ತೆಗೆದ ಎರಡು ತಿಂಗಳೊಳಗೆ ಚಿಕಿತ್ಸೆ ಶುರುವಾಗಿತ್ತು. ಕಾರ್ಡು ದೂರದ ಲ್ಯಾಬಿಗೆ ಕಳಿಸುತ್ತಿದ್ದ ಕಡೆ? ಸುಮಾರು 13ಕ್ಕೆ. ಔಷಧಿ ಎರಡೂ ಕಡೆ ಅದೇ.

ಜೀನ್‌ಎಕ್ಸ್‌ಪರ್ಟ್ ಬಹಳ ಕಡೆ ಕ್ಷಯದ ಪರೀಕ್ಷೆಗೆ ಅಂತ ಆಗಲೇ ಇರುತ್ತದೆ. ಪಕ್ಕದ ಟಿಬಿ ಕೋಣೆಯಲ್ಲಿ ಯಂತ್ರ ಅರ್ಧ ದಿನ ಖಾಲಿ ಕೂತಿರುತ್ತದೆ, ಈ ಕಡೆ ಕೂಸಿನ ರಕ್ತ ಬಸ್ಸಿನಲ್ಲಿ ಹೋಗುತ್ತಿರುತ್ತದೆ. ಬೇಕಾದದ್ದು ಎಚ್‌ಐವಿಯ ಕಾರ್ಟ್ರಿಜ್ (ಯಂತ್ರದೊಳಗೆ ಇಡುವ ಪರೀಕ್ಷೆಯ ಡಬ್ಬಿ) ಮತ್ತು ಎರಡು ವಿಭಾಗದ ಮುಖ್ಯಸ್ಥರು ಒಮ್ಮೆ ಕೂತು ಚಹಾ ಕುಡಿಯುವುದು. ಕೇಳಿ ನೋಡಿ.

ಹೆಜ್ಜೆ 6: ಪಾಸಿಟಿವ್ ಬಂದರೆ ಅವತ್ತೇ

ಎರಡನೇ ಮಾದರಿ ತೆಗೆದು ಖಚಿತ ಮಾಡಿಕೊಳ್ಳಲೇಬೇಕು. ಆದರೆ ಅದರ ಉತ್ತರಕ್ಕೆ ಕಾಯುತ್ತಾ ಕೂರಬಾರದು. ಚಿಕಿತ್ಸೆ ಅವತ್ತೇ ಶುರು. ಉತ್ತರ ಸ್ಪಷ್ಟವಿಲ್ಲದಿದ್ದರೆ ಅದನ್ನು ನೆಗೆಟಿವ್ ಅಂತ ಬರೆದುಬಿಡಬೇಡಿ, ಮತ್ತೆ ರಕ್ತ ತೆಗೆಯಿರಿ.

ಸೋಂಕಿರುವ ಮಕ್ಕಳಿಗೆ ಮೊದಲು ಚಿಕಿತ್ಸೆಗೆ ಕೊಡುತ್ತಿದ್ದ ಸಿರಪ್ ಕಹಿ ಅಂದರೆ ಕಹಿ, ತಣ್ಣಗೆ ಬೇರೆ ಇಡಬೇಕಿತ್ತು. 2020ರ ಕೊನೆಯಲ್ಲಿ ಬಂದ 10 ಮಿಲಿಗ್ರಾಂ ಡೊಲುಟೆಗ್ರವಿರ್ ಮಾತ್ರೆ ನೀರಿನಲ್ಲಿ ಕರಗುತ್ತದೆ, ಸ್ಟ್ರಾಬೆರಿ ರುಚಿ. ನಾಲ್ಕು ವಾರ ತುಂಬಿ 3 ಕೆಜಿ ಆದ ಮಗುವಿಗೆ ಕೊಡಬಹುದು. ವರ್ಷಕ್ಕೆ 40 ಡಾಲರ್‌ಗಿಂತ ಕಡಿಮೆ ಖರ್ಚು. ಮೊದಲು ತಯಾರಿಸಿದ ಎರಡು ಕಂಪನಿಗಳಲ್ಲಿ ಒಂದು ಮುಂಬೈಯ ಮ್ಯಾಕ್ಲಿಯಾಡ್ಸ್. ಇದರ ಜೊತೆ ಅಬಾಕವಿರ್ ಮತ್ತು ಲ್ಯಾಮಿವುಡಿನ್ ಎಂಬ ಇನ್ನೆರಡು ಔಷಧಿ ಸೇರುತ್ತವೆ. ಡೋಸ್ ತೂಕದ ಮೇಲೆ ನಿಂತಿದೆ. ಕೂಸು ತಿಂಗಳಿಗೆ ಅರ್ಧ ಕೆಜಿ ಏರುವ ಕಾಲ ಅದು. ಪ್ರತಿ ಭೇಟಿಯಲ್ಲೂ ತೂಕ ನೋಡಿ, ಪ್ರತಿ ಸಲವೂ ಡೋಸ್ ಪಟ್ಟಿಯ ಮೇಲೆ ಬೆರಳಿಟ್ಟು ನೋಡಿ.

ತಾಯಿಗೆ ಹೇಳುವಾಗ ಬಾಗಿಲು ಹಾಕಿಕೊಂಡು ಕೂತು ಹೇಳಿ. ಮಲಾವಿಯಲ್ಲಿ ಹೆಂಗಸರನ್ನು ಗೌರವದಿಂದ 'ಅಮಾಯಿ' ಎನ್ನುತ್ತಾರೆ. ಕೀನ್ಯಾದಲ್ಲಿ ಮಗುವಿನ ಹೆಸರು ಹಿಡಿದು ಇಂಥವನ 'ಮಾಮಾ' (ಅಲ್ಲಿ ಹಾಗೆಂದರೆ ಅಮ್ಮ) ಎನ್ನುತ್ತಾರೆ, ನಾವು ಪುಟ್ಟನ ಅಮ್ಮ ಅನ್ನುವ ಹಾಗೇ. ನಂಬರ್ ಹಿಡಿದು ಕರೆಯುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸ ಇದೆ. ತನ್ನಿಂದಲೇ ಆಯಿತು ಎನ್ನುವ ಸಂಕಟ ಅವಳ ಮುಖದಲ್ಲಿ ಕಾಣುತ್ತದೆ. ಆಗ ಪಾಠ ಹೇಳಬೇಡಿ. ಇವತ್ತೇ ಶುರು ಮಾಡಿದರೆ ಮಗು ಬೆಳೆದು ಶಾಲೆಗೆ ಹೋಗುತ್ತದೆ ಅಂತ ಹೇಳಿ. ಅದು ಸುಳ್ಳು ಸಮಾಧಾನ ಅಲ್ಲ, ನಿಜ.

ಹೆಜ್ಜೆ 7: ನೆಗೆಟಿವ್ ಬಂದರೆ ಕೆಲಸ ಮುಗಿಯಲಿಲ್ಲ

ಮೊದಲ ಉತ್ತರ ನೆಗೆಟಿವ್ ಬಂದಾಗ ತಾಯಿಗೂ ನರ್ಸ್‌ಗೂ ಒಟ್ಟಿಗೇ ಉಸಿರು ಹಗುರಾಗುತ್ತದೆ. ಅಲ್ಲಿಗೆ ಇಬ್ಬರೂ ಮರೆತುಬಿಡುತ್ತಾರೆ. ಆದರೆ ಮಗು ಇನ್ನೂ ಎದೆಹಾಲು ಕುಡಿಯುತ್ತಿದೆ. ಹಾಲು ಇರುವವರೆಗೂ ದಾರಿ ತೆರೆದೇ ಇದೆ. 9ನೇ ತಿಂಗಳಿಗೆ ಇನ್ನೊಂದು ಪಿಸಿಆರ್ ಆಗಬೇಕು. ಕೊನೆಯ ಪರೀಕ್ಷೆ 18 ತಿಂಗಳಿಗೆ ಅಥವಾ ಹಾಲು ಬಿಟ್ಟು ಮೂರು ತಿಂಗಳಾದ ಮೇಲೆ, ಯಾವುದು ತಡವೋ ಅದು. ಕೀನ್ಯಾದಲ್ಲಿ 6ನೇ ವಾರ, 6ನೇ ತಿಂಗಳು, 12ನೇ ತಿಂಗಳು ಎಂದು ಬೇರೆ ಲೆಕ್ಕ. ನಡುವೆ ಮಗು ಸೊರಗಿದರೆ, ಜ್ವರ ಬಿಡದಿದ್ದರೆ, ತಾರೀಖು ನೋಡದೆ ಪರೀಕ್ಷೆ ಮಾಡಿ.

ಹಾಗಿದ್ದರೆ ಎದೆಹಾಲೇ ಬೇಡ, ಡಬ್ಬಿ ಹಾಲು ಕೊಡೋಣ ಎಂದು ಯಾರಿಗಾದರೂ ಅನ್ನಿಸುತ್ತದೆ. ಬೋಟ್ಸ್ವಾನಾದಲ್ಲಿ ಸರ್ಕಾರವೇ ಡಬ್ಬಿ ಹಾಲಿನ ಪುಡಿ ಉಚಿತವಾಗಿ ಕೊಡುತ್ತಿತ್ತು. 2006ರ ಮೊದಲ ತಿಂಗಳುಗಳಲ್ಲಿ ಭಾರಿ ಮಳೆ ಸುರಿದು ನೀರು ಕೆಟ್ಟಿತು. ಭೇದಿ ಹಬ್ಬಿತು. ಬಹಳ ಮಕ್ಕಳು ಸತ್ತವು. ಎದೆಹಾಲು ಕುಡಿಯದ ಮಕ್ಕಳೇ ಹೆಚ್ಚು ಸಿಕ್ಕಿಬಿದ್ದದ್ದು. ಎಚ್‌ಐವಿಯಿಂದ ಉಳಿಸಲು ಹೋಗಿ ಭೇದಿಗೆ ಕೊಟ್ಟಂತಾಯಿತು. ಅದೇ ಬೋಟ್ಸ್ವಾನಾ ಆಮೇಲೆ ತಾಯಂದಿರ ಚಿಕಿತ್ಸೆಯನ್ನು ಎಷ್ಟು ಗಟ್ಟಿ ಮಾಡಿಕೊಂಡಿತೆಂದರೆ, 2021ರಲ್ಲಿ ತಾಯಿಯಿಂದ ಮಗುವಿಗೆ ಸೋಂಕು ದಾಟುವುದನ್ನು ತಡೆಯುವ ಹಾದಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯಿಂದ 'ಬೆಳ್ಳಿ' ಮಟ್ಟದ ಮನ್ನಣೆ ಪಡೆಯಿತು. ಸೋಂಕು ಹೆಚ್ಚಿರುವ ದೇಶಗಳಲ್ಲಿ ಅದೇ ಮೊದಲು.

ಆರು ತಿಂಗಳು ಎದೆಹಾಲು ಮಾತ್ರ. ಆಮೇಲೆ ಊಟದ ಜೊತೆ ಎದೆಹಾಲು, ಕನಿಷ್ಠ ಒಂದು ವರ್ಷ. ತಾಯಿ ಮಾತ್ರೆ ತಪ್ಪಿಸದಿದ್ದರೆ ಎರಡು ವರ್ಷದವರೆಗೂ. ಇದೇ ಈಗಿನ ಸಲಹೆ. ಮೊದಲ ಆರು ತಿಂಗಳಲ್ಲಿ ಎದೆಹಾಲಿನ ಜೊತೆ ಬೇರೇನನ್ನೋ ಬೆರೆಸಿ ಕೊಡುವುದೇ ಅಪಾಯ ಎಂದು 1999ರಲ್ಲೇ ಡರ್ಬನ್‌ನ ಅಧ್ಯಯನ ತೋರಿಸಿತ್ತು. ಆದರೆ ಮನೆಯಲ್ಲಿ ಅಜ್ಜಿ ಇರುತ್ತಾಳಲ್ಲ! ನಮ್ಮಲ್ಲಿ ಬಜೆ ತೇಯ್ದು ನೆಕ್ಕಿಸುವ, ಜೇನುತುಪ್ಪ ಮುಟ್ಟಿಸುವ ಅಜ್ಜಿ ಇದ್ದ ಹಾಗೆ ಅಲ್ಲಿ ಗಿಡಮೂಲಿಕೆ ನೀರು, ಗ್ರೈಪ್ ವಾಟರ್, ಮೂರನೇ ತಿಂಗಳಿಗೇ ತೆಳ್ಳನೆ ಗಂಜಿ ಕೊಡುವ ಅಜ್ಜಿ. ಸೊಸೆಗೆ ಹೇಳಿದರೆ ಏನೂ ಆಗುವುದಿಲ್ಲ. ಅಜ್ಜಿಯನ್ನೇ ಕರೆಸಿ ಕೂರಿಸಿ ಮಾತಾಡಿ. ಎಚ್‌ಐವಿ ವಿಷಯ ತೆಗೆಯದೆ, ಎಲ್ಲ ಮಕ್ಕಳಿಗೂ ಇದೇ ನಿಯಮ ಎಂದು ಹೇಳಬಹುದು. ಅದು ನಿಜವೂ ಹೌದು.

ಆರು ತಿಂಗಳ ನಂತರದ ಊಟಕ್ಕೆ ನಮ್ಮ ಕನ್ನಡಿಗರಿಗೆ ಅಲ್ಲಿ ಹೇಳಿಕೊಡುವಂಥದ್ದು ಏನೂ ಇಲ್ಲ. ಕೀನ್ಯಾದಲ್ಲಿ ರಾಗಿಗೆ ವಿಂಬಿ ಎನ್ನುತ್ತಾರೆ. ಅದರ ಗಂಜಿ ಉಜಿ. ಹೆಚ್ಚುಕಡಿಮೆ ನಮ್ಮ ರಾಗಿ ಸರಿಯೇ. ರಾಗಿ ನಮ್ಮಲ್ಲಿಗೆ ಬಂದದ್ದೇ ಪೂರ್ವ ಆಫ್ರಿಕಾದಿಂದ.

ಹೆಜ್ಜೆ 8: ನೆಗೆಟಿವ್ ತಾಯಿಯನ್ನೂ ಮತ್ತೆ ಕೇಳಿ

ಇದನ್ನು ಬಹಳ ಜನ ಮರೆಯುತ್ತಾರೆ. ಬಸುರಿಯ ಮೂರನೇ ತಿಂಗಳಲ್ಲಿ ನೆಗೆಟಿವ್ ಇದ್ದವಳಿಗೆ ಏಳನೇ ತಿಂಗಳಲ್ಲೋ ಬಾಣಂತನದಲ್ಲೋ ಸೋಂಕು ತಗುಲಬಹುದು. ಹೊಸದಾಗಿ ತಗುಲಿದಾಗ ರಕ್ತದಲ್ಲಿ, ಹಾಲಿನಲ್ಲಿ ವೈರಸ್ ತುಂಬಾ ಜಾಸ್ತಿ. ಅವಳ ಮಗು ಯಾವ ರಿಜಿಸ್ಟರಿನಲ್ಲೂ ಇಲ್ಲ. ಆರೋಗ್ಯವಂತ ಮಗು ಎಂದೇ ಲೆಕ್ಕ. ಆಫ್ರಿಕಾ ಖಂಡದ ಪೂರ್ವ ಮತ್ತು ದಕ್ಷಿಣ ಭಾಗದಲ್ಲಿ ಮಕ್ಕಳ ಹೊಸ ಸೋಂಕುಗಳಲ್ಲಿ ದೊಡ್ಡ ಪಾಲು ಇಂಥ ತಾಯಂದಿರದ್ದು. ಬಸುರಿಯ ಕೊನೆಯಲ್ಲಿ ಒಂದು ಸಲ, ಆಮೇಲೆ ಲಸಿಕೆಗೆ ಬಂದಾಗ ಆಗಾಗ ತಾಯಿಗೆ ಕಡ್ಡಿ ಪರೀಕ್ಷೆ ಮಾಡಿ. ಗಂಡನನ್ನೂ ಕರೆತರಲು ಹೇಳಿ. ಬರುವುದು ಕಡಿಮೆ, ಆದರೂ ಹೇಳಿ.

ಹೆಜ್ಜೆ 9: ಬಾರದವರ ಪಟ್ಟಿ

ಪ್ರತಿ ಶುಕ್ರವಾರ ಮಧ್ಯಾಹ್ನ ಆ ವಾರ ಬರಬೇಕಿದ್ದು ಬಾರದವರ ಹೆಸರು ಬರೆಯಿರಿ. ಮೊದಲು ಫೋನು. ಫೋನ್ ಎತ್ತಿದ್ದು ಗಂಡನೋ ಅತ್ತೆಯೋ ಇರಬಹುದು. ಹಾಗಾಗಿ ಮೊದಲ ದಿನವೇ ಕೇಳಿಟ್ಟುಕೊಂಡಿರಬೇಕು: ಈ ನಂಬರಿಗೆ ಕರೆ ಮಾಡಬಹುದಾ, ಯಾರು ಎತ್ತುತ್ತಾರೆ, ಏನೆಂದು ಹೇಳಬೇಕು? 'ಮಗುವಿನ ಚುಚ್ಚುಮದ್ದು ಬಾಕಿ ಇದೆ' ಎನ್ನುವ ಮಾತು ಎಲ್ಲ ಕಡೆ ನಡೆಯುತ್ತದೆ.

ಫೋನ್ ಸಿಗದಿದ್ದರೆ ಮನೆಗೆ ಹೋಗಬೇಕು. ಯಾರು ಹೋಗಬೇಕು ಎನ್ನುವುದರಲ್ಲೇ ಎಲ್ಲ ಇದೆ. ಯೂನಿಫಾರ್ಮ್ ಹಾಕಿದ ನರ್ಸ್ ಕ್ಲಿನಿಕ್ಕಿನ ಗಾಡಿಯಲ್ಲಿ ಹೋದರೆ ಇಡೀ ಓಣಿ ಬಾಗಿಲಿಗೆ ಬರುತ್ತದೆ. 2001ರಲ್ಲಿ ಕೇಪ್‌ಟೌನ್‌ನಲ್ಲಿ ಶುರುವಾದ 'ಮದರ್ಸ್ ಟು ಮದರ್ಸ್' ಸಂಸ್ಥೆ ಇದಕ್ಕೆ ಒಳ್ಳೆಯ ದಾರಿ ತೋರಿಸಿತು. ಎಚ್‌ಐವಿ ಇದ್ದು, ತಾನೂ ಬಸುರಿ, ಬಾಣಂತನ ದಾಟಿ ಬಂದ ತಾಯಿಗೇ ತರಬೇತಿ, ಸಂಬಳ ಕೊಟ್ಟು ಇತರ ತಾಯಂದಿರ ಜೊತೆ ಬಿಡುವುದು. 'ನನ್ನ ಮಗುವಿಗೂ ಇದೇ ಸಿರಪ್ ಹಾಕಿದ್ದೆ, ನೋಡು, ಈಗ ಓಡಾಡುತ್ತಿದ್ದಾನೆ' ಎಂದು ಅವಳು ಹೇಳಿದರೆ ಅದರ ತೂಕವೇ ಬೇರೆ. ಡಾಕ್ಟರ ಹತ್ತು ಮಾತು ಅದಕ್ಕೆ ಸಮ ಅಲ್ಲ.

ಸಂಬಳ ಎಂದಾಗ ಒಂದು ಕಹಿ ಮಾತು. 2025ರ ಜನವರಿಯಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ಏಕಾಏಕಿ ತಡೆಹಿಡಿದಾಗ ಆಫ್ರಿಕಾದ ಅನೇಕ ಕಡೆ ಮೊದಲು ಮನೆಗೆ ಹೋದವರು ಇಂಥ ಸಮುದಾಯ ಕಾರ್ಯಕರ್ತೆಯರೇ. ಹಾಗಾಗಿ ಬರೀ ಹೊರಗಿನ ದುಡ್ಡಿನ ಮೇಲೆ ನಿಂತ ವ್ಯವಸ್ಥೆ ಕಟ್ಟಬೇಡಿ. ಮಲಾವಿಯಲ್ಲಿ ನಮ್ಮ ಆಶಾ ಕಾರ್ಯಕರ್ತೆಯರ ಹಾಗೆ ಊರೂರು ಸುತ್ತುವ, ಸರ್ಕಾರವೇ ಸಂಬಳ ಕೊಡುವ ಆರೋಗ್ಯ ಸಹಾಯಕರಿದ್ದಾರೆ. ಬಾರದವರ ಪಟ್ಟಿಯ ಒಂದು ಪ್ರತಿ ಅವರ ಕೈಯಲ್ಲೂ ಇರಲಿ. ಆದರೆ ಅದರಲ್ಲಿ ಮಗುವಿನ ಹೆಸರು ಮತ್ತು 'ಲಸಿಕೆ ಬಾಕಿ' ಎಂದಷ್ಟೇ ಇರಲಿ.

ಹೆಜ್ಜೆ 10: 18ನೇ ತಿಂಗಳ ಕೊನೆಯ ಕಾಲಂ

18 ತಿಂಗಳಾದ ಮಗುವಿಗೆ ಸಾದಾ ಕಡ್ಡಿ ಪರೀಕ್ಷೆ ಸಾಕು. ಹಾಲು ಬಿಟ್ಟು ಮೂರು ತಿಂಗಳಾಗಿ, ಉತ್ತರ ನೆಗೆಟಿವ್ ಬಂದರೆ ಕೋಟ್ರೈಮೋಕ್ಸಜೋಲ್ ನಿಲ್ಲಿಸಿ ಮಗುವನ್ನು ಈ ಪಟ್ಟಿಯಿಂದ ಬಿಡುಗಡೆ ಮಾಡಿ. ತಾಯಿಗೆ ಒಂದು ಮಾತು ಜೋರಾಗಿ, ಸ್ಪಷ್ಟವಾಗಿ ಹೇಳಿ: ಮಗುವಿನದು ಮುಗಿಯಿತು, ನಿಮ್ಮ ಮಾತ್ರೆ ಮುಗಿದಿಲ್ಲ. ಇನ್ನೂ ಹಾಲು ಕುಡಿಯುತ್ತಿದ್ದರೆ ಬಿಡುಗಡೆ ಬೇಡ, ಮುಂದಿನ ತಾರೀಖು ಬರೆಯಿರಿ.

ರಿಜಿಸ್ಟರಿನ ಕೊನೆಯ ಕಾಲಂನಲ್ಲಿ ನಾಲ್ಕರಲ್ಲಿ ಒಂದು ಉತ್ತರ ಇರಲೇಬೇಕು: ಸೋಂಕಿಲ್ಲ; ಸೋಂಕಿದ್ದು ಚಿಕಿತ್ಸೆಯಲ್ಲಿದೆ; ಬೇರೆ ಕ್ಲಿನಿಕ್ಕಿಗೆ ಹೋಗಿದೆ (ಅಲ್ಲಿ ಸೇರಿದ್ದು ಫೋನ್ ಮಾಡಿ ಖಚಿತ ಮಾಡಿಕೊಂಡಿದ್ದೇವೆ); ತೀರಿಕೊಂಡಿದೆ. 'ಗೊತ್ತಿಲ್ಲ' ಎಂದು ಬರೆಯಲು ಜಾಗ ಇಡಬೇಡಿ. ಕಾಲಂ ಖಾಲಿ ಇದ್ದರೆ ಆ ಮನೆಗೆ ಯಾರು, ಯಾವ ದಿನ ಹೋಗುತ್ತಾರೆ ಎಂದು ಪಕ್ಕದಲ್ಲೇ ಪೆನ್ಸಿಲ್ಲಿನಲ್ಲಿ ಬರೆಯಿರಿ.